ಕ್ಯಾನ್ ಅದೇ, ಹೆಸರು ಅದೇ, ಬಿಯರ್ ಮಾತ್ರ ತೆಳು: ಇದನ್ನು ಒಪ್ಪಿಕೊಳ್ಳಬೇಕೇ?

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ಬ್ರಿಟನ್ನಿನ ಜನಸಾಮಾನ್ಯರು ಕುಡಿಯುವ ಲಾಗರ್ (ತಂಪಿನಲ್ಲಿ ಹುಳಿಯಿಸುವ ತಿಳಿಬಣ್ಣದ) ಬಿಯರುಗಳು ಒಂದೊಂದಾಗಿ ತೆಳುವಾಗುತ್ತಿವೆ. 2012ರಲ್ಲಿ ಸ್ಟೆಲ್ಲಾ, ಬೆಕ್ಸ್, ಬಡ್‌ವೈಸರ್ ಮೂರರ ಆಲ್ಕೊಹಾಲ್ ಪ್ರಮಾಣವೂ ಶೇ 5ರಿಂದ ಶೇ 4.8ಕ್ಕೆ ಇಳಿಯಿತು. 2023ರಲ್ಲಿ ಫಾಸ್ಟರ್ಸ್ ಶೇ 4ರಿಂದ 3.7ಕ್ಕೆ ಬಂತು, ಕಾರ್ಲ್ಸ್‌ಬರ್ಗ್ 3.8ರಿಂದ 3.4ಕ್ಕೆ. ಇವೆಲ್ಲ ಕ್ಯಾನಿನ ಮೇಲೆ ಸಣ್ಣ ಅಕ್ಷರದಲ್ಲಾದರೂ ಅಚ್ಚಾದವು. ಕಾರ್ಲಿಂಗ್ ವಿಷಯದಲ್ಲಿ ಅದೂ ಆಗಲಿಲ್ಲ. 2012ರಿಂದ ಅದರೊಳಗಿನ ಆಲ್ಕೊಹಾಲ್ ಸುಮಾರು ಶೇ 3.7ಕ್ಕೆ ಇಳಿದಿದ್ದರೂ ಲೇಬಲ್ ಮಾತ್ರ ಶೇ 4 ಎನ್ನುತ್ತಲೇ ಇತ್ತು. ಕುಡಿಯುವವರಿಗೆ ಇದು ತಿಳಿದದ್ದು 2017ರಲ್ಲಿ, ಅದೂ ಕಂಪನಿ ಹೇಳಿದ್ದರಿಂದಲ್ಲ. ತೆರಿಗೆ ಇಲಾಖೆ ಐದು ಕೋಟಿ ಪೌಂಡಿಗೂ ಹೆಚ್ಚು ಬಾಕಿ ಕೇಳಿ ನ್ಯಾಯಮಂಡಳಿಗೆ ಹೋದದ್ದರಿಂದ. ಇಲಾಖೆ ಸೋತಿತು, ಕಂಪನಿ ಗೆದ್ದಿತು. ಅಷ್ಟೂ ವರ್ಷ ದುಡ್ಡು ಕೊಟ್ಟು ಕುಡಿದವನು ಆ ಮೊಕದ್ದಮೆಯಲ್ಲಿ ಎಲ್ಲಿಯೂ ಇರಲಿಲ್ಲ. ನನಗೆ ಇದು ಹಾಲಿಗೆ ನೀರು ಬೆರೆಸಿದಂತೆಯೇ ಕಾಣುತ್ತದೆ. ನೀವೇನು ಹೇಳುತ್ತೀರಿ?

ಮಾಲ್ಟ್‌ಮನೆ:
ಬಿಯರ್ ತಯಾರಿಕೆ ನನ್ನ ವೃತ್ತಿ, ಆದ್ದರಿಂದ ಮೊದಲು ಒಂದು ವಿವರಣೆ. ಲೇಬಲ್ ಮೇಲಿನ ಅಂಕಿಗೂ ಒಳಗಿನ ದ್ರವಕ್ಕೂ ಅರ್ಧ ಶೇಕಡಾದಷ್ಟು ವ್ಯತ್ಯಾಸವನ್ನು ಅಲ್ಲಿನ ನಿಯಮ ಒಪ್ಪುತ್ತದೆ. ಶೇ 4 ಎಂದು ಬರೆದು 3.7 ತುಂಬಿದರೆ ಕಾನೂನು ಮುರಿದಂತಲ್ಲ. ಯೀಸ್ಟ್ ಜೀವವಿರುವ ವಸ್ತು, ಪ್ರತಿ ತೊಟ್ಟಿಯೂ ಒಂದೇ ಹದಕ್ಕೆ ಬರುವುದಿಲ್ಲ, ಅದಕ್ಕಾಗಿ ಆ ಅವಕಾಶ.

ಹಾಲಿನ ಹೋಲಿಕೆಯೂ ಸರಿಯಲ್ಲ. ದೊಡ್ಡ ಕಾರ್ಖಾನೆಗಳು ಬಿಯರನ್ನು ಮೊದಲು ಗಟ್ಟಿಯಾಗಿಯೇ ಹುಳಿಯಿಸಿ, ಕೊನೆಯಲ್ಲಿ ಆಮ್ಲಜನಕ ತೆಗೆದ ನೀರು ಸೇರಿಸಿ ಹದಕ್ಕೆ ತರುತ್ತವೆ. ಇದು ದಶಕಗಳಿಂದ ನಡೆದುಬಂದ ಪದ್ಧತಿ. ನೀರು ಇಲ್ಲಿ ಕಲಬೆರಕೆಯಲ್ಲ, ಪಾಕದ ಭಾಗ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ತೊಟ್ಟಿಯಿಂದ ತೊಟ್ಟಿಗೆ ಏರುಪೇರಾದರೆ ಒಮ್ಮೆ 3.9, ಒಮ್ಮೆ 4.1 ಬರಬೇಕು. ವರ್ಷಗಟ್ಟಲೆ 3.7ನ್ನೇ ಗುರಿಯಾಗಿಟ್ಟುಕೊಂಡು ತಯಾರಿಸಿದ್ದನ್ನು ಏರುಪೇರು ಎನ್ನಲಾಗದು. ಯೀಸ್ಟಿಗಾಗಿ ಕೊಟ್ಟ ರಿಯಾಯಿತಿಯನ್ನು ಲೆಕ್ಕಪತ್ರ ವಿಭಾಗ ಬಳಸಿಕೊಂಡಿದೆ.

ಮಾಲ್ಟ್‌ಮನೆ:
ಆ ಮಾತು ಒಪ್ಪುತ್ತೇನೆ. ನಿಯಮದ ಅಕ್ಷರಕ್ಕೆ ಸರಿ, ಉದ್ದೇಶಕ್ಕೆ ವಿರುದ್ಧ.

ಸುಂಕದ ಲೆಕ್ಕ:
ಕಂಪನಿಗಳ ದುರಾಸೆ ಎಂದು ಬಿಟ್ಟರೆ ಅರ್ಧ ಕಥೆ ಮಾತ್ರ ಹೇಳಿದಂತೆ. 2023ರ ಆಗಸ್ಟ್ 1ರಂದು ಬ್ರಿಟನ್ ತನ್ನ ಮದ್ಯಸುಂಕವನ್ನು ಬದಲಿಸಿತು. ಶೇ 3.5 ಮತ್ತು ಅದಕ್ಕಿಂತ ಗಟ್ಟಿಯಾದ ಸಾಮಾನ್ಯ ಬಿಯರಿಗೆ ಪ್ರತಿ ಲೀಟರ್ ಶುದ್ಧ ಆಲ್ಕೊಹಾಲಿನ ಮೇಲೆ 21.01 ಪೌಂಡ್, ಅದಕ್ಕಿಂತ ತೆಳುವಾದದ್ದಕ್ಕೆ 9.27 ಪೌಂಡ್. ಈಗ 440 ಮಿಲಿಲೀಟರಿನ ಕ್ಯಾನ್ ಹಿಡಿದು ಲೆಕ್ಕ ಹಾಕಿ. ಆಗಿನ ದರದಲ್ಲಿ ಶೇ 3.8ರ ಬಿಯರಿಗೆ ಸುಂಕ ಸುಮಾರು 35 ಪೆನ್ಸ್. ಅದೇ ಬಿಯರ್ 3.4 ಆದರೆ 14 ಪೆನ್ಸ್. ಒಂದೊಂದು ಕ್ಯಾನಿಗೂ 21 ಪೆನ್ಸ್ ಉಳಿತಾಯ! ಕಾರ್ಲ್ಸ್‌ಬರ್ಗ್ 3.4ರಲ್ಲೇ ಏಕೆ ನಿಂತಿತು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ. ಫಾಸ್ಟರ್ಸ್ ಶೇ 4ರಿಂದ 3.7ಕ್ಕೆ ಇಳಿದಾಗ ಉಳಿದದ್ದು ಕ್ಯಾನಿಗೆ ಮೂರು ಪೆನ್ಸಿನಷ್ಟು, ಆದರೆ ಕೋಟಿಗಟ್ಟಲೆ ಕ್ಯಾನಿಗೆ ಅದೂ ದೊಡ್ಡ ಮೊತ್ತ.

ಸರ್ಕಾರ ಬಯಸಿದ್ದೂ ಇದನ್ನೇ. ತೆಳು ಬಿಯರಿಗೆ ಬಹುಮಾನ ಇಟ್ಟರೆ ಕಂಪನಿಗಳು ಬಿಯರನ್ನು ತೆಳು ಮಾಡುತ್ತವೆ. ನನ್ನ ತಕರಾರು ಬೇರೆ: ಆ 21 ಪೆನ್ಸಿನಲ್ಲಿ ಎಷ್ಟು ಗ್ರಾಹಕನಿಗೆ ಮರಳಿತು?

ಲೀಡ್ಸ್ ದಾದಿ:
ಆಸ್ಪತ್ರೆಯ ವಾರ್ಡಿನಲ್ಲಿ ಯಕೃತ್ತು ಕೆಟ್ಟು ಮಲಗಿದವರನ್ನು ನೋಡಿಕೊಳ್ಳುವವಳು ನಾನು. ಈ ಚರ್ಚೆಯಲ್ಲಿ ಆಲ್ಕೊಹಾಲ್ ಕಡಿಮೆಯಾದದ್ದನ್ನೇ ನಷ್ಟವೆಂದು ಎಣಿಸುತ್ತಿರುವುದು ನನಗೆ ನೋವು ತರುತ್ತದೆ. ಬ್ರಿಟನ್ನಿನ ಆರೋಗ್ಯ ಸಲಹೆ ವಾರಕ್ಕೆ 14 ಯೂನಿಟ್ ದಾಟಬೇಡಿ ಎನ್ನುತ್ತದೆ. ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಆಲ್ಕೊಹಾಲ್. ಶೇ 4ರ ಒಂದು ಪೈಂಟಿನಲ್ಲಿ (568 ಮಿಲಿಲೀಟರ್) 2.27 ಯೂನಿಟ್, ಶೇ 3.4ರದರಲ್ಲಿ 1.93. ದಿನವೂ ಎರಡು ಪೈಂಟ್ ಕುಡಿಯುವ ಮನುಷ್ಯನಿಗೆ ವಾರದಲ್ಲಿ ನಾಲ್ಕೂವರೆ ಯೂನಿಟಿಗಿಂತ ಹೆಚ್ಚು ಇಳಿಕೆ. ಆತ ಯಾವ ಚಟವನ್ನೂ ಬಿಡಬೇಕಾಗಲಿಲ್ಲ, ಯಾರ ಉಪದೇಶವನ್ನೂ ಕೇಳಬೇಕಾಗಲಿಲ್ಲ. ಸದ್ದಿಲ್ಲದೆ ಇಳಿಸಿದ್ದರಿಂದಲೇ ಅದು ಫಲ ಕೊಡುತ್ತದೆ. ಕ್ಯಾನಿನ ಮೇಲೆ ‘ಈಗ ಇನ್ನಷ್ಟು ತೆಳು’ ಎಂದು ದೊಡ್ಡದಾಗಿ ಬರೆದರೆ ಅವನು ಪಕ್ಕದ ಶೇ 5ರ ಕ್ಯಾನನ್ನು ಎತ್ತಿಕೊಳ್ಳುತ್ತಾನೆ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ನಿಮ್ಮ ಕಾಳಜಿಗೆ ತಲೆಬಾಗುತ್ತೇನೆ. ಆದರೆ ಯೂನಿಟ್ ಎಣಿಸಿ ಕುಡಿಯುವವನಿಗೆ ಲೇಬಲ್ಲೇ ಆಧಾರ ಅಲ್ಲವೇ? ಕಾರ್ಲಿಂಗ್ ವಿಷಯದಲ್ಲಿ ಅವನ ಲೆಕ್ಕ ತಪ್ಪಿತು. ಈ ಸಲ ಅದೃಷ್ಟಕ್ಕೆ ಕಡಿಮೆಯ ಕಡೆಗೆ ತಪ್ಪಿತು. ಅದೇ ರಿಯಾಯಿತಿ ಮೇಲ್ಮುಖವಾಗಿಯೂ ಇದೆ.

ಲೀಡ್ಸ್ ದಾದಿ:
ಲೇಬಲ್ ಸುಳ್ಳಾಗಿರಬಾರದು ಎಂಬುದರಲ್ಲಿ ನನಗೆ ಭಿನ್ನಮತವಿಲ್ಲ. ಅಂಕಿಯನ್ನು ಸರಿಯಾಗಿ ಅಚ್ಚು ಮಾಡಿ ಡಂಗುರ ಹೊಡೆಯದೆ ಇರುವುದು ಬೇರೆ, ಹಳೆಯ ಅಂಕಿಯನ್ನೇ ಉಳಿಸಿಕೊಳ್ಳುವುದು ಬೇರೆ. ಮೊದಲನೆಯದನ್ನು ಸಮರ್ಥಿಸುತ್ತೇನೆ.

ಹಳೆಯ ರುಚಿ:
ಯಾರೂ ರುಚಿಯ ಬಗ್ಗೆ ಮಾತನಾಡುತ್ತಿಲ್ಲ. ಫಾಸ್ಟರ್ಸ್ ಮೊದಲೂ ಗಟ್ಟಿ ಬಿಯರಾಗಿರಲಿಲ್ಲ, ಈಗ ನಾಲಿಗೆಯ ಮೇಲೆ ನಿಲ್ಲುವುದೇ ಇಲ್ಲ. ಗುಳ್ಳೆ ಇದೆ, ತಂಪಿದೆ, ಅಷ್ಟೇ.

ಮಾಲ್ಟ್‌ಮನೆ:
ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಹೆಸರು ಕಾಣದಂತೆ ಮುಚ್ಚಿ ಕುಡಿದು ನೋಡಿ ಎನ್ನುತ್ತೇನೆ. 1964ರಲ್ಲಿ ಅಮೆರಿಕದ ಆಲಿಸನ್ ಮತ್ತು ಯೂಲ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಲೇಬಲ್ ತೆಗೆದಾಗ ಹೆಚ್ಚಿನ ಕುಡುಕರು ತಮ್ಮ ಮೆಚ್ಚಿನ ಬಿಯರನ್ನೇ ಗುರುತಿಸಲಿಲ್ಲ. ಲೇಬಲ್ ಹಚ್ಚಿದ ಕೂಡಲೇ ಅದಕ್ಕೇ ಹೆಚ್ಚು ಅಂಕ ಕೊಟ್ಟರು. ಶೇ 0.3ರ ಇಳಿಕೆಯನ್ನು ನುರಿತ ತಯಾರಕ ಮುಚ್ಚಿಡಬಲ್ಲ. ಮೊಳಕೆ ಧಾನ್ಯವನ್ನು ತುಸು ಹೆಚ್ಚು ಬಿಸಿಯ ನೀರಿನಲ್ಲಿ ನೆನೆಸಿದರೆ ಯೀಸ್ಟ್ ತಿನ್ನಲಾರದ ಸಕ್ಕರೆಗಳು ಉಳಿದು ಬಾಯಿಗೆ ಮೈ ತುಂಬಿದಂತೆ ಅನಿಸುತ್ತದೆ. 0.6, 0.8 ಇಳಿಸಿದಾಗ ಮುಚ್ಚಿಡುವುದು ಕಷ್ಟ.

ಹಳೆಯ ರುಚಿ:
ಹಾಗಾದರೆ ಶ್ಲಿಟ್ಸ್ ಏಕೆ ಮುಳುಗಿತು? ಮಿಲ್ವಾಕಿಯ ಆ ಕಂಪನಿ ಒಂದು ಕಾಲಕ್ಕೆ ಅಮೆರಿಕದಲ್ಲೇ ದೊಡ್ಡದು, 1970ರ ದಶಕದಲ್ಲೂ ಎರಡನೆಯ ಸ್ಥಾನದಲ್ಲಿತ್ತು. ಹುಳಿಯುವ ಅವಧಿ ಕಡಿತಗೊಳಿಸಿದರು, ಬಾರ್ಲಿಯ ಪಾಲು ಇಳಿಸಿ ಮೆಕ್ಕೆಜೋಳದ ಪಾಕ ಸುರಿದರು. ಪ್ರತಿ ಹೆಜ್ಜೆಯಲ್ಲೂ ‘ಯಾರಿಗೂ ಗೊತ್ತಾಗುವುದಿಲ್ಲ’ ಎಂದೇ ಭಾವಿಸಿರಬೇಕು. 1976ರಲ್ಲಿ ಬಿಯರ್ ಮಬ್ಬಾಗದಿರಲು ಹಾಕಿದ ಪದಾರ್ಥವೂ ನೊರೆ ನಿಲ್ಲಿಸಲು ಹಾಕಿದ ಪದಾರ್ಥವೂ ಒಂದಕ್ಕೊಂದು ಕೂಡಿ ಬಾಟಲಿಯೊಳಗೆ ಪದರು ಪದರಾಗಿ ತೇಲತೊಡಗಿದವು. ಸುಮಾರು ಒಂದು ಕೋಟಿ ಬಾಟಲಿ, ಕ್ಯಾನುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 1982ರಲ್ಲಿ ಕಂಪನಿ ಸ್ಟ್ರೋ ಎಂಬ ಇನ್ನೊಂದು ಬಿಯರ್ ಕಂಪನಿಯ ಪಾಲಾಯಿತು. ಒಂದೊಂದು ಬದಲಾವಣೆಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಎಲ್ಲ ಸೇರಿದಾಗ ಅದು ಆ ಬಿಯರಾಗಿ ಉಳಿದಿರಲಿಲ್ಲ.

ಮಾಲ್ಟ್‌ಮನೆ:
ಇದಕ್ಕೆ ನನ್ನ ಬಳಿ ಮರುಮಾತಿಲ್ಲ. ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಸಿದರೆ ವ್ಯತ್ಯಾಸ ಸಿಗುವುದಿಲ್ಲ, ಹತ್ತು ವರ್ಷದ ಹಿಂದಿನದು ಹೋಲಿಕೆಗೆ ಉಳಿದಿರುವುದಿಲ್ಲ.

ಸುಂಕದ ಲೆಕ್ಕ:
ಬಾಯಿ ಬಿಟ್ಟು ಹೇಳಿದ ಉದಾಹರಣೆಯೂ ಇದೆ. ಜಗತ್ತಿನಲ್ಲೇ ಬಹುಶಃ ಅತ್ಯುತ್ತಮ ಎಂದು 1970ರ ದಶಕದಿಂದ ಜಾಹೀರಾತು ಕೊಟ್ಟ ಕಾರ್ಲ್ಸ್‌ಬರ್ಗ್, 2019ರಲ್ಲಿ ಬ್ರಿಟನ್ನಿನಲ್ಲಿ ತನ್ನ ಬಿಯರ್ ಬಹುಶಃ ಅತ್ಯುತ್ತಮವಲ್ಲ, ಅದಕ್ಕೇ ಪಾಕ ಬದಲಿಸಿದ್ದೇವೆ ಎಂದು ಸಾರಿತು. ಗ್ರಾಹಕರ ಕಟು ಮಾತುಗಳನ್ನು ತನ್ನ ನೌಕರರಿಂದಲೇ ಓದಿಸಿತು. ಮುಂದೆ 3.4ಕ್ಕೆ ಇಳಿಸುವಾಗ ಆ ಬಗೆಯ ಘೋಷಣೆ ನಡೆಯಲಿಲ್ಲ. ಗ್ರಾಹಕರು ಒಗ್ಗಟ್ಟಾದರೆ ಮಾತ್ರ ಕಂಪನಿಗಳು ಕಿವಿಗೊಡುತ್ತವೆ. ಪಬ್ಬುಗಳನ್ನೆಲ್ಲ ವಾಟ್ನಿಸ್ ರೆಡ್‌ನಂತಹ ಜೀವವಿಲ್ಲದ ಬಿಯರ್ ಆವರಿಸಿದ ಕಾಲದಲ್ಲಿ, 1971ರಲ್ಲಿ ನಾಲ್ವರು ಗೆಳೆಯರು ಕಟ್ಟಿದ ‘ಕ್ಯಾಮ್ರಾ’ ಗ್ರಾಹಕ ಸಂಘಟನೆ ಸಾಂಪ್ರದಾಯಿಕ ಏಲ್ ಬಿಯರನ್ನು ಉಳಿಸಿಕೊಂಡಿತು. ಲಾಗರ್ ಕುಡಿಯುವವರಿಗೆ ಅಂತಹ ಸಂಘಟನೆಯಿಲ್ಲ.

ಮೈಸೂರಿನ ಓದುಗ:
ಅಲ್ಲಿ ದಶಮಾಂಶದ ಮೇಲೆ ಜಗಳ ನಡೆಯುತ್ತಿರುವುದನ್ನು ಓದಿ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಎಂದರೆ ಶೇ 5ಕ್ಕಿಂತ ಹೆಚ್ಚು, 8ರ ಒಳಗೆ. ಎಷ್ಟೋ ಬಾಟಲಿಗಳು ‘ಶೇ 8 ಮೀರದಂತೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತ ಬಂದಿವೆ. ಕಳೆದ ವರ್ಷ 7.5 ಇದ್ದದ್ದು ಈ ವರ್ಷ 6.5 ಆದರೆ ಯಾರು ಕಂಡುಹಿಡಿಯಬೇಕು? ಕರ್ನಾಟಕದಲ್ಲಿ 2025ರಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಮೊದಲು ಶೇ 195ಕ್ಕೆ ಏರಿತು, ಬಳಿಕ ಮತ್ತೂ ಏರಿತು. ಬೆಲೆ ಏರಿದಾಗಲೆಲ್ಲ ನಾವು ಕೂಗುತ್ತೇವೆ, ಬಾಟಲಿಯೊಳಗೆ ಏನಿದೆ ಎಂದು ಕೇಳುವುದನ್ನು ಮಾತ್ರ ಕಲಿತಿಲ್ಲ. ಮಾಲ್ಟ್‌ಮನೆಯವರೇ, ನಿಖರ ಅಂಕಿ ಬರೆಯಲು ತಾಂತ್ರಿಕ ಅಡ್ಡಿ ಏನಾದರೂ ಇದೆಯೇ?

ಮಾಲ್ಟ್‌ಮನೆ:
ಇಲ್ಲ. ಪ್ರತಿ ತೊಟ್ಟಿಯ ಆಲ್ಕೊಹಾಲನ್ನೂ ಬಾಟಲಿಗೆ ತುಂಬುವ ಮೊದಲೇ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಲೇಬಲ್ ಮುಂಚಿತವಾಗಿ ಅಚ್ಚಾಗಿರುತ್ತದೆ ಎಂಬ ನೆಪಕ್ಕೂ ಅರ್ಥವಿಲ್ಲ. ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆಗಳನ್ನು ತುಂಬುವಾಗಲೇ ಶಾಯಿಯಲ್ಲಿ ಹೊಡೆಯುತ್ತಾರಲ್ಲ, ಅದೇ ಸಾಲಿನಲ್ಲಿ ಇನ್ನೆರಡು ಅಂಕಿ ಹಿಡಿಸುತ್ತವೆ.