ಆಟ ಆಡುತ್ತಾ ಮಾತಾಡಿದರೆ ವಾಕ್ಯದ ಕೊನೆ ಕೇಳುತ್ತಿಲ್ಲ (ಒಬಿಎಸ್, ನಾಯ್ಸ್ ಗೇಟ್)

ಪ್ರಶ್ನೆ:
ನಮಸ್ಕಾರ. ಮೈನ್‌ಕ್ರಾಫ್ಟ್ ಆಡುತ್ತಾ ಕನ್ನಡದಲ್ಲೇ ವಿವರಿಸಿ ಒಬಿಎಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ, ತಂಗಿ ಮಕ್ಕಳು ನೋಡಿ ಕಲಿಯಲಿ ಅಂತ. ಸೆಖೆ ಜಾಸ್ತಿ, ಫ್ಯಾನ್ ಆರಿಸೋ ಹಾಗಿಲ್ಲ. ಅದರ ಸದ್ದಿಗೆ ಅಂತ ಮೈಕ್‌ಗೆ ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಫಿಲ್ಟರ್) ಹಾಕಿದೆ. ಸದ್ದೇನೋ ಹೋಯಿತು, ಜೊತೆಗೆ ಮಾತಿನ ಬಾಲವೂ ಹೋಯಿತು. ನಿನ್ನೆ "ಲಾವಾ ಹತ್ತಿರ ಹೋಗಬೇಡಿ" ಅಂದಿದ್ದೆ. ರೆಕಾರ್ಡಿಂಗ್‌ನಲ್ಲಿ "ಲಾವಾ ಹತ್ತಿರ ಹೋಗ" ಅಷ್ಟೇ ಇದೆ. ಮಕ್ಕಳು ಏನಂದುಕೊಳ್ಳಬೇಕು? ಗೇಟ್ ಮುಚ್ಚುವ ಮಟ್ಟ (ಕ್ಲೋಸ್) -32 ಡಿಬಿ (ಡೆಸಿಬಲ್), ತೆರೆಯುವ ಮಟ್ಟ (ಓಪನ್) -26, ಮೊದಲಿಂದ ಇದ್ದ ಹಾಗೇ ಇವೆ. ಮೈಕ್ ಕೆಟ್ಟಿದೆಯಾ?

ಉತ್ತರ:
ಮೈಕ್ ಚೆನ್ನಾಗಿದೆ, ಹೊಸದು ತರಬೇಡಿ. ದನಿ ಕ್ಲೋಸ್ ಮಟ್ಟಕ್ಕಿಂತ ಇಳಿದರೆ ಗೇಟ್ ಸ್ವಲ್ಪ ಕಾದು ಮುಚ್ಚಿಬಿಡುತ್ತದೆ. ಆಟದಲ್ಲಿ ಮುಳುಗಿದಾಗ ವಾಕ್ಯದ ಕೊನೆಗೆ ದನಿ ಇಳಿಯುತ್ತದೆ, ಅಲ್ವಾ? ನಮ್ಮ ಬೇಡ, ಇಲ್ಲ, ಬಾರದು ಎಲ್ಲ ಕೂತಿರೋದು ಅಲ್ಲೇ. ಕನ್ನಡದಲ್ಲಿ ಕೊನೆ ಕತ್ತರಿಸಿದರೆ ಅರ್ಥವೇ ತಿರುಗಿಬಿಡುತ್ತದೆ. ಅದಕ್ಕೇ ಬೇರೆಯವರ ನಂಬರ್ ಹಾಕಬೇಡಿ, ನಿಮ್ಮ ರೂಮಿನಲ್ಲೇ ಅಳೆಯಿರಿ.

ಫಿಲ್ಟರ್ಸ್‌ನಲ್ಲಿ ಗೇಟ್ ಪಕ್ಕದ ಕಣ್ಣಿನ ಗುರುತು ಒತ್ತಿ ಆಫ್ ಮಾಡಿ. ಮೀಟರ್ ತೋರಿಸೋದು ಫಿಲ್ಟರ್ ದಾಟಿ ಬಂದ ಸದ್ದನ್ನು, ಗೇಟ್ ಆನ್ ಇದ್ದರೆ ಲೆಕ್ಕ ತಪ್ಪುತ್ತದೆ. ಫ್ಯಾನ್ ಓಡಲಿ. ಸುಮ್ನೆ ಕೂತು ಮೀಟರ್ ನೋಡಿ. ಆಮೇಲೆ ಆಡುತ್ತಾ "ಹೋಗಬೇಡಿ" ಅನ್ನಿ, "ಡಿ" ಎಲ್ಲಿಗೆ ಬೀಳುತ್ತದೆ ಗಮನಿಸಿ. ಕ್ಲೋಸ್ ಈ ಎರಡರ ನಡುವೆ ಇರಬೇಕು. ಓಪನ್ ಅದಕ್ಕಿಂತ 6 ಡಿಬಿ ಮೇಲೆ. ಹೋಲ್ಡ್ (ಮುಚ್ಚುವ ಮುಂಚೆ ಗೇಟ್ ಕಾಯುವ ಸಮಯ) 200 ಮಿಲಿಸೆಕೆಂಡ್ ಇರುತ್ತದೆ, 400 ಮಾಡಿ.

ಪ್ರಶ್ನೆ ಕೇಳಿದವರು:
ಫ್ಯಾನ್ -38, "ಡಿ" -36. ನಡುವೆ ಜಾಗವೇ ಇಲ್ಲ ಸರ್.

ಉತ್ತರ:
ಹಾಗಾದರೆ ಮೈಕ್ ದೂರ ಇದೆ. ಬಾಯಿಂದ ಒಂದು ಗೇಣು ದೂರಕ್ಕೆ ತನ್ನಿ. ಬಾಯಿಗೆ ನೇರ ಬೇಡ, ಕೊಂಚ ಪಕ್ಕಕ್ಕಿರಲಿ, ಉಸಿರು ಬಡಿಯುವುದಿಲ್ಲ. ಈಗ ದನಿ ಜೋರಾಗಿರುತ್ತದೆ, ಗೇನ್ (ಮೈಕ್ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿ. ಆಟದಲ್ಲಿ ಕ್ರೀಪರ್ ರಾಕ್ಷಸ ಕಂಡು ಕಿರುಚಿದರೂ ಮೀಟರ್ ತುದಿ ಮುಟ್ಟಬಾರದು. ಗೇನ್ ಇಳಿದಷ್ಟೂ ಫ್ಯಾನ್ ಸದ್ದೂ ಇಳಿಯುತ್ತದೆ. ನಿಜ ಹೇಳಬೇಕೆಂದರೆ, ಎಲ್ಲ ಫಿಲ್ಟರ್‌ಗಿಂತ ಈ ಒಂದು ಗೇಣಿನ ಕೆಲಸವೇ ದೊಡ್ಡದು. ಇನ್ನೂ ಫ್ಯಾನ್ ಸದ್ದು ಉಳಿದರೆ ನಾಯ್ಸ್ ಸಪ್ರೆಶನ್ (ಹಿನ್ನೆಲೆ ಸದ್ದು ತಗ್ಗಿಸುವ) ಫಿಲ್ಟರ್ ಹಾಕಿ, ಅದರಲ್ಲಿ ಆರ್‌ಎನ್‌ನಾಯ್ಸ್ ಅನ್ನೋ ಆಯ್ಕೆ ಆರಿಸಿ, ಗೇಟ್‌ಗಿಂತ ಮೇಲೆ ಇಡಿ. ಫಿಲ್ಟರ್‌ಗಳು ಮೇಲಿಂದ ಕೆಳಕ್ಕೆ ಕೆಲಸ ಮಾಡುತ್ತವೆ.

ಪ್ರಶ್ನೆ ಕೇಳಿದವರು:
ಮೈಕ್ ಹತ್ತಿರ ತಂದೆ, ಗೇನ್ ಇಳಿಸಿದೆ. ಫ್ಯಾನ್ -52, "ಡಿ" -37. ಕ್ಲೋಸ್ -45, ಓಪನ್ -39 ಇಟ್ಟೆ. ಈಗ "ಹೋಗಬೇಡಿ" ಪೂರ್ತಿ ಕೇಳುತ್ತಿದೆ! ತುಂಬಾ ಥ್ಯಾಂಕ್ಸ್ ಸರ್. ಆ ಲಾವಾ ಭಾಗವನ್ನು ಇವತ್ತೇ ಮತ್ತೆ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತೇನೆ.