ಮಂಗ ಸತ್ತ ಜಾಗವನ್ನು ವಾಟ್ಸಾಪ್‌ಗೆ ಹಾಕಬೇಕೋ, ಬೇಡವೋ?

ಕಾನಂಚು:
ಮಂಗನ ಕಾಯಿಲೆಯ (ಕೆಎಫ್‌ಡಿ; ರಕ್ತ ಹೀರೋ ಪುಟ್ಟ ಹುಳ ಉಣುಗು ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರೋ ಜ್ವರ) ಕಾಲ ಅಂದರೆ ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇ ತನಕ. ಆ ದಿನಗಳಲ್ಲಿ ಆರೋಗ್ಯ ಇಲಾಖೆ ಫೇಸ್‌ಬುಕ್‌ನಲ್ಲಿ, ಎಕ್ಸ್‌ನಲ್ಲಿ ‘ತಾಲೂಕಿನಲ್ಲಿ ಇಷ್ಟು ಪಾಸಿಟಿವ್’ ಅಂತ ಲೆಕ್ಕ ಒಪ್ಪಿಸಿದರೆ ಕಾಡಿನಿಂದ ದರಕು (ಒಣ ತರಗೆಲೆ) ತರೋಕೆ ಹೊರಟವರಿಗೆ ಏನು ತಿಳಿದ ಹಾಗಾಯ್ತು? ಅವರಿಗೆ ಬೇಕಿರೋದು ಯಾವ ಕಾನಿನಲ್ಲಿ (ಕಾಡಿನಲ್ಲಿ) ಮಂಗ ಸತ್ತಿದೆ ಅನ್ನೋದು. ಮಂಗದ ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗು ಇಳಿದು ಸುತ್ತಲಿನ ತರಗೆಲೆ ಸೇರುತ್ತೆ. ಅದಕ್ಕೇ ಸುತ್ತ 50 ಮೀಟರ್‌ವರೆಗೆ ಉಣುಗು ಸಾಯಿಸೋ ಮೆಲಾಥಿಯಾನ್ ಪುಡಿ ಹೊಡೆಯೋದು. ಪುಡಿ ಹೊಡೆಯೋರಿಗೆ ಗೊತ್ತಿರೋ ಜಾಗ ಊರವರಿಗೆ ಅದೇ ದಿನ ಗೊತ್ತಾಗಬೇಕು.

ಹಾಳೆಟೋಪಿ:
ಒಪ್ಪೋಲ್ಲ. ಸತ್ತ ಮಂಗಕ್ಕೆಲ್ಲ ಕೆಎಫ್‌ಡಿ ಇರೋಲ್ಲ. ಕರೆಂಟ್ ತಗುಲಿ ಸಾಯ್ತವೆ, ನಾಯಿ ಹಿಡಿದು ಸಾಯ್ತವೆ. ಲ್ಯಾಬ್ ವರದಿ ಬರೋ ಮೊದಲೇ ಊರಿನ ಹೆಸರು ಗ್ರೂಪಿಗೆ ಬಿದ್ದರೆ ಅಡಿಕೆ ಕೊಯ್ಲಿಗೆ ಆಳು ಬರೋಲ್ಲ. ಮಾರ್ಚ್ 2020ರಲ್ಲಿ ಕೋವಿಡ್‌ಗೆ ಹೋಮ್ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತ್ತು. ಹೆಸರು ಇರಲಿಲ್ಲ, ಮನೆ ನಂಬರ್ ಇತ್ತು. ಅಕ್ಕಪಕ್ಕದವರಿಗೆ ಅಷ್ಟು ಸಾಕಲ್ಲ.

ಲೆಕ್ಕಿಗ:
ನೀವಿಬ್ಬರೂ ಎರಡು ಬೇರೆ ರೋಗದ ವಿಚಾರ ಮಾತಾಡ್ತಿದ್ದೀರಿ. ಏನು ಪ್ರಕಟಿಸಬೇಕು ಅನ್ನೋದು ರೋಗ ಹೇಗೆ ಹರಡುತ್ತೆ ಅನ್ನೋದರ ಮೇಲೆ ನಿಂತಿದೆ. ನಿಪಾ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತೆ. ಹಾಗಾಗಿ ಸೆಪ್ಟೆಂಬರ್ 2023ರಲ್ಲಿ ಕೋಯಿಕ್ಕೋಡ್‌ನಲ್ಲಿ ರೋಗಿ ಓಡಾಡಿದ ರೂಟ್ ಮ್ಯಾಪ್ ಹಾಕಿದರು: ತಾರೀಕು, ಎಷ್ಟರಿಂದ ಎಷ್ಟು ಗಂಟೆವರೆಗೆ, ಯಾವ ಆಸ್ಪತ್ರೆ. ಆ ಹೊತ್ತಿಗೆ ಅಲ್ಲಿ ಸರತಿಯಲ್ಲಿ ನಿಂತಿದ್ದವರ ಹೆಸರು ಯಾರ ಬಳಿಯೂ ಇರೋಲ್ಲ, ಅವರಾಗೇ ಫೋನ್ ಮಾಡಬೇಕು. ಅದೇ ಕೆಲಸವನ್ನು ಕೆಎಫ್‌ಡಿಗೆ ಮಾಡಿದರೆ ವ್ಯರ್ಥ. ಇದು ರೋಗಿಯಿಂದ ಇನ್ನೊಬ್ಬರಿಗೆ ಅಂಟೋಲ್ಲ, ಉಣುಗು ಕಚ್ಚಬೇಕು. ಆದ್ದರಿಂದ ಇಲ್ಲಿ ರೋಗಿಯ ವಯಸ್ಸು, ಮನೆ, ಕೇರಿ ಒಂದೂ ಬೇಡ. ಕಾಡಿನ ಜಾಗ ಮಾತ್ರ ಬೇಕು. ವಿಳಾಸದ ಪಟ್ಟಿಯ ಉದಾಹರಣೆ ಇಲ್ಲಿಗೆ ಹೊಂದೋಲ್ಲ.

ಹಾಳೆಟೋಪಿ:
ಕಾಡಿನ ಜಾಗ ಅಂದರೂ ಆ ಕಾನು ಯಾರದೋ ಮನೆಯ ಹಿತ್ತಲಲ್ಲೇ ಇರುತ್ತೆ ಮಾರಾಯ್ರೆ. ಸಿಬ್ಬಂದಿ ಕೆಲಸದ ಸಾಕ್ಷಿಗೆ ಅಂತ ಜಿಪಿಎಸ್ ಅಚ್ಚು ಬಿದ್ದ ಫೋಟೊ ತೆಗೆದು ಇಲಾಖೆಯ ಗ್ರೂಪಿಗೆ ಹಾಕಿದರೆ, ಅಲ್ಲಿಂದ ಪಂಚಾಯಿತಿ ಗ್ರೂಪು, ಅಲ್ಲಿಂದ ಊರೆಲ್ಲ. ಮತ್ತೆ ನೋಡೋಕೆ ಅಂತ ಹುಡುಗರು ಬೈಕ್ ಹತ್ತುತ್ತಾರೆ. ಹೋಗಬೇಡಿ ಅಂದ ಜಾಗಕ್ಕೆ ನೀವೇ ದಾರಿ ತೋರಿಸಿದ ಹಾಗೆ.

ಕಾನಂಚು:
ಈ ಮಾತು ನಿಜ. ಲೊಕೇಶನ್ ಪಿನ್ ಬೇಡ, ಫೋಟೊ ಅಂತೂ ಬೇಡವೇ ಬೇಡ. ಕಾನಿನ ಹೆಸರು, ಗ್ರಾಮ ಪಂಚಾಯಿತಿ ಹೆಸರು ಸಾಕು. ಅಲ್ಲಿನವರಿಗೆ ಗೊತ್ತಾಗುತ್ತೆ, ಹೊರಗಿನವರಿಗೆ ಗೊತ್ತಾಗೋಲ್ಲ.

ಸೊಪ್ಪಿನಬೆಟ್ಟ:
ಹಾಕಬೇಕೋ ಬೇಡವೋ ಅನ್ನೋದಕ್ಕಿಂತ ಹೇಗೆ ಬರೀತೀರಿ ಅನ್ನೋದರಲ್ಲೇ ಹೆಚ್ಚು ಕೆಡೋದು. ಮೊದಲ ತಪ್ಪು, ಲೆಟರ್‌ಹೆಡ್‌ನ ಫೋಟೊ. ಕುರುಡರ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದೋಲ್ಲ, ನಾಲ್ಕು ದಿನ ಬಿಟ್ಟು ಹುಡುಕಿದರೆ ಸಿಗೋಲ್ಲ, ವಾಟ್ಸಾಪ್ ಅದನ್ನು ಕುಗ್ಗಿಸಿ ಒತ್ತಕ್ಷರ ಕಲಸಿಬಿಡುತ್ತೆ. ಪಠ್ಯವಾಗಿಯೇ ಹಾಕಿ. ಓದಲು ಬಾರದವರಿಗೆ ಅದೇ ಮಾತನ್ನು ಆ ಸೀಮೆಯ ಆಡುನುಡಿಯಲ್ಲಿ 40 ಸೆಕೆಂಡಿನ ಧ್ವನಿ ಸಂದೇಶ ಮಾಡಿ. ಶುರುವಿನಲ್ಲೇ ತಾರೀಕು, ಇಸವಿ ಹೇಳಿಸಿ. ಇಸವಿ ಇಲ್ಲದಿದ್ದರೆ ಹೋದ ವರ್ಷದ್ದು ಮತ್ತೆ ಹೊರಡುತ್ತೆ. 2022ರಲ್ಲಿ ಮಂಗನ ಕಾಯಿಲೆಯ ಹಳೇ ಲಸಿಕೆ ನಿಂತಿದೆ. ‘ಎರಡು ಡೋಸ್ ಹಾಕಿಸಿಕೊಳ್ಳಿ’ ಅನ್ನೋ ಹಳೇ ಸಂದೇಶ ಈಗ ಬಂದರೆ ಜನ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿ ಬರಿಗೈಲಿ ವಾಪಸ್.

ಇನ್ನು ನೆಟ್ ಇಲ್ಲದ ಕಡೆಗೆ ಎಸ್ಸೆಮ್ಮೆಸ್ಸು. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಎಣಿಕೆ. 70 ದಾಟಿದರೆ 67ರಂತೆ ತುಂಡಾಗುತ್ತೆ, ಸಿಗ್ನಲ್ ಬಿದ್ದೆದ್ದು ಬರುವ ಕಡೆ ಒಂದು ತುಂಡು ಬಂದು ಇನ್ನೊಂದು ಬಾರದೆ ಉಳಿಯುತ್ತೆ. ‘ಕ್ಯಾಸನೂರು ಅರಣ್ಯ ಕಾಯಿಲೆ’ ಅಂತ ಬರೆದರೆ ಅದೊಂದೇ 22 ತಿನ್ನುತ್ತೆ, ‘ಮಂಗನ ಕಾಯಿಲೆ’ 11. ಹೇಗೂ ಜನ ಅನ್ನೋದೂ ಹಾಗೇ. ‘ರೋಗವಾಹಕ ಉಣ್ಣೆ’ ಅಂತ ಬರೆದರೆ ಕಂಬಳಿ ನೆನಪಾಗುತ್ತೆ, ಉಣುಗು ಅನ್ನಿ.

ಲೆಕ್ಕಿಗ:
ಒಂದು ಸೇರಿಸ್ತೀನಿ. ವಾಟ್ಸಾಪ್ ಸಂದೇಶ ಐದು ಕೈ ದಾಟಿ ಬಂದರೆ ‘ಹಲವು ಬಾರಿ ಫಾರ್ವರ್ಡ್’ ಗುರುತು ಬೀಳುತ್ತೆ, ಆಮೇಲೆ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. 2020ರ ಏಪ್ರಿಲ್‌ನಲ್ಲಿ ಗಾಳಿಸುದ್ದಿ ತಡೆಯೋಕೆ ತಂದ ಮಿತಿ ಅದು, ಇಲಾಖೆಯ ನಿಜ ಸುದ್ದಿಗೂ ಅದೇ ಹಣೆಪಟ್ಟಿ. ಹಾಗಾಗಿ ಟಿಎಚ್‌ಓ (ತಾಲೂಕು ಆರೋಗ್ಯಾಧಿಕಾರಿ) ಕಚೇರಿ ಒಂದು ಚಾನೆಲ್ ಇಟ್ಟುಕೊಂಡು ಅಲ್ಲಿಂದಲೇ ಓದಿಸಬೇಕು. ಚಾನೆಲ್‌ನಲ್ಲಿ ಹಿಂಬಾಲಿಸುವವರ ಫೋನ್ ನಂಬರ್ ಒಬ್ಬರಿಗೊಬ್ಬರಿಗೆ ಕಾಣೋಲ್ಲ, ಗ್ರೂಪಿನಲ್ಲಿ ಕಾಣುತ್ತೆ. ಹೆಣ್ಣುಮಕ್ಕಳು ಸೇರೋದಕ್ಕೆ ಇದು ಸಣ್ಣ ವಿಷಯ ಅಲ್ಲ.

ಹಾಳೆಟೋಪಿ:
ಸರಿ, ಹಾಕಿದಿರಿ. ಲ್ಯಾಬಿನಲ್ಲಿ ನೆಗೆಟಿವ್ ಬಂತು. ಆಗ? ಚಾನೆಲ್‌ನಲ್ಲಿ ತಿದ್ದಿದರೂ ಊರೂರು ತಿರುಗಿದ ಪ್ರತಿ ಹಾಗೇ ಇರುತ್ತಲ್ಲ.

ಕಾನಂಚು:
ತಿದ್ದಬಾರದು, ಅಳಿಸಲೂಬಾರದು. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ‘14ನೇ ಸೂಚನೆ ಮುಗಿದಿದೆ, ವರದಿ ನೆಗೆಟಿವ್’ ಅಂತ ಹೊಸದಾಗಿ ಹಾಕಬೇಕು. ಮೊದಲ ಸಂದೇಶದಲ್ಲೇ ‘ಮಂಗ ಸತ್ತಿದೆ, ಕಾರಣ ಗೊತ್ತಾಗಿಲ್ಲ, ವರದಿ ಬರೋವರೆಗೆ ಆ ಕಡೆ ಹೋಗಬೇಡಿ’ ಅಂತಿದ್ದರೆ ನಾಳೆ ಯಾರೂ ಸುಳ್ಳು ಹೇಳಿದರು ಅನ್ನೋಲ್ಲ. ಜೊತೆಗೆ ಮಾಡಬೇಕಾದ್ದು ಮೂರೇ ಸಾಲು: ಹೋಗಲೇಬೇಕಿದ್ದರೆ ಕೈಕಾಲಿಗೆ ಉಣುಗು ಹತ್ತಿರ ಬಾರದ ಹಾಗೆ ಹಚ್ಚೋ ಡೇಪಾ ಎಣ್ಣೆ; ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ; ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗದೆ ಪಿಎಚ್‌ಸಿಗೆ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು.

ಹಾಳೆಟೋಪಿ:
ಕ್ರಮಸಂಖ್ಯೆ ಒಪ್ಪಿದೆ. ಆದರೆ ‘ಮುಗಿದಿದೆ’ ಅನ್ನೋ ಸಂದೇಶ ಹಾಕೋ ಹೊಣೆ ಒಬ್ಬರ ಹೆಸರಿಗೆ ಬರೆದಿಡದೇ ಇದ್ದರೆ ಅದು ಬರೋಲ್ಲ. ಶುರುವಿನ ಸಂದೇಶಕ್ಕೆ ಇರೋ ಅವಸರ ಕೊನೆಯದಕ್ಕೆ ಇರೋಲ್ಲ.

ಸೊಪ್ಪಿನಬೆಟ್ಟ:
ಮತ್ತೆ ಟವರ್ರೇ ಇಲ್ಲದ ಮನೆಗಳಿಗೆ ಆಶಾ ಕಾರ್ಯಕರ್ತೆಯ ಕಾಲ್ನಡಿಗೆಯೇ. ಅದೇ ಪಠ್ಯವನ್ನು ಹಾಲಿನ ಡೈರಿಯ ಬಾಗಿಲಿಗೆ, ರೇಷನ್ ಅಂಗಡಿಗೆ ದೊಡ್ಡಕ್ಷರದಲ್ಲಿ ಅಂಟಿಸಿ. ಬೆಳಗ್ಗೆ ಆರಕ್ಕೆ ಹಾಲು ಹಾಕೋಕೆ ಬಂದವರು ಓದ್ತಾರೆ, ದರಕಿಗೆ ಹೊರಡೋದು ಅದಾದ ಮೇಲೆ.