ಮಗು ಸುಮ್ನಿದೆ ಅಂತ ನೀವು ಸುಮ್ನಿರಬೇಡಿ

ರಶ್ಮಿ ಪುಟ್ಟಾ, ನಿನ್ನ ಮೆಸೇಜನ್ನು ಮೊಮ್ಮಗಳ ಹತ್ತಿರ ಓದಿಸಿಕೊಂಡೆ. ಪಾಪುಗೆ ಇವತ್ತು ಐದನೇ ದಿನ, ಕಣ್ಣು ಹಳದಿ ಆಗಿದೆ, ಹಾಲಿಗೆ ಎಬ್ಬಿಸಿದರೂ ಏಳುತ್ತಿಲ್ಲ, ಅಮ್ಮ ಎಳೆಬಿಸಿಲಿಗೆ ಹಿಡಿದರೆ ಸಾಕು ಅನ್ನುತ್ತಾಳೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ನನಗೆ ಟೈಪ್ ಮಾಡಲು ಬರುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಪೂರ್ತಿ ಕೇಳು.

ಸರೋಜಾ, ನೀನೂ ಕೇಳು. ಮೊಮ್ಮಗುವಿಗೆ ಬಿಸಿಲು ಸಾಕು ಅಂದೆಯಂತೆ. ನನ್ನ ಮಗ ಮಂಜು ಹುಟ್ಟಿದಾಗ ನೀನು ಮನೆಯಲ್ಲೇ ಇದ್ದೆ. 1987, ನೀನು ಹೈಸ್ಕೂಲು. ಅವನ ತೊಟ್ಟಿಲು ತೂಗಿದವಳೇ ನೀನು. ಮರೆತೆಯಾ?

ನಮ್ಮ ಹಿಂದಿನ ಕೋಣೆಯೇ ಬಾಣಂತಿ ಕೋಣೆ. ಶೀತ ಆಗುತ್ತೆ ಅಂತ ಕಿಟಕಿಗೆ ಕಂಬಳಿ ಕಟ್ಟಿದ್ದರು. ಒಳಗೆ ಒಂದು ನಲವತ್ತು ಕ್ಯಾಂಡಲ್ ಬಲ್ಬು, ಮೂಲೆಯಲ್ಲಿ ಕೆಂಡದ ಹೊಗೆ. ಆ ಬಲ್ಬಿನಲ್ಲಿ ಗೋಡೆ ಹಳದಿ, ನನ್ನ ಕೈ ಹಳದಿ, ಪಂಚೆ ಬಟ್ಟೆ ಹಳದಿ. ಮಗು ಹಳದಿ ಆದದ್ದು ಯಾರಿಗೆ ಗೊತ್ತಾಗಬೇಕು? ಜೊತೆಗೆ ದಿನಾ ಎಣ್ಣೆ, ಅರಿಶಿನ, ಕಡಲೆಹಿಟ್ಟು ಹಚ್ಚಿ ಎರೆಯುವುದು. ನೋಡಿದವರೆಲ್ಲ ಅರಿಶಿನದ ಬಣ್ಣ ಅಂದರು.

ಮೂರನೇ ದಿನದಿಂದ ಮಂಜು ಅಳುವುದನ್ನೇ ಬಿಟ್ಟ. ಎದೆಗೆ ಹಿಡಿದರೆ ಎರಡು ಗುಟುಕು ಎಳೆದು ನಿದ್ದೆ. ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು, "ಎಂಥ ಪುಣ್ಯವಂತ ಮಗು, ತಾಯಿಗೆ ಒಂದು ಚೂರೂ ಕಾಟ ಇಲ್ಲ." ನಾನೂ ಹಾಗೇ ನಂಬಿದೆ. ಹೊಲಿಗೆ ನೋವಿತ್ತು, ನಿದ್ದೆ ಸಿಕ್ಕಿತಲ್ಲ ಅಂತ ಮಲಗಿದೆ.

ಆರನೇ ದಿನ ನರ್ಸಮ್ಮ ಬೇರೆ ಯಾರದೋ ಮನೆಗೆ ಬಂದವರು ನಮ್ಮಲ್ಲೂ ಇಣುಕಿದರು. ಮಗುವನ್ನು ಎತ್ತಿಕೊಂಡು ಸೀದಾ ಅಂಗಳಕ್ಕೆ ಹೋದರು. ಬಿಸಿಲು ತೋರಿಸಲು ಅಲ್ಲ, ಬಣ್ಣ ನೋಡಲು. ಹಣೆಯನ್ನು ಬೆರಳಲ್ಲಿ ಒತ್ತಿ ಬಿಟ್ಟರು, ಹಳದಿ. ಎದೆ ಒತ್ತಿದರು, ಹೊಟ್ಟೆ ಒತ್ತಿದರು, ಹಳದಿ. ಅಂಗಾಲು ತಿರುಗಿಸಿ ನೋಡಿದರು, ಅದೂ ಹಳದಿ. ಆಗಲೇ ಅವನು ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಕೀರಲು ದನಿಯಲ್ಲಿ ಒಂದು ಸಲ ಕಿರುಚಿದ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ರಾಣೆಬೆನ್ನೂರಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋದೆವು. ನನ್ನದು ಓ ಗುಂಪಿನ ರಕ್ತ, ಮಗುವಿನದು ಎ. ಹಾಗಿದ್ದರೆ ಕಾಮಾಲೆ ಜೋರಾಗಿ ಏರಬಹುದು ಅಂತ ಡಾಕ್ಟರು ಹೇಳಿದರು. ಹೊಕ್ಕುಳಿಂದ ಸಿರಿಂಜ್ ಸಿರಿಂಜಾಗಿ ಅವನ ರಕ್ತ ತೆಗೆದು ಬೇರೆ ರಕ್ತ ಹಾಕಿದರು. ಮಗು ಉಳಿಯಿತು. ಕಿವಿ ಉಳಿಯಲಿಲ್ಲ. ಅದೂ ನಮಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಪಟಾಕಿ ಹೊಡೆದರೂ ಅವನು ತಿರುಗಿ ನೋಡದೆ ಇದ್ದಾಗ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಎಷ್ಟು ಸಲ ಅಲೆದಿದ್ದೇವೆ, ನಿಮಗೆಲ್ಲ ಗೊತ್ತೇ ಇದೆ.

ಅದಕ್ಕೇ ಹೇಳುತ್ತೇನೆ, ಮಗು ಸುಮ್ನಿದೆ ಅಂತ ನೀವು ಸುಮ್ನಿರಬೇಡಿ. ಹಸಿದ ಮಗು ಅಳಬೇಕು, ಹಾಲಿಗೆ ಏಳಬೇಕು.

ಇಷ್ಟಾದ ಮೇಲೆ ನಮ್ಮವರು ಏನಂದರು ಗೊತ್ತಾ? ಬಸುರಿಯಲ್ಲಿ ನಾನು ಗ್ರಹಣದ ಹೊತ್ತು ಹೊರಗೆ ಹೋಗಿದ್ದೆನಂತೆ, ಅದಕ್ಕೇ ಕಿವಿ ಕೇಳಲ್ಲವಂತೆ. ಡಾಕ್ಟರು ಬಾಯಿಬಿಟ್ಟು ಹೇಳಿದ್ದರು, ಕಾಮಾಲೆ ತಲೆಗೇರಿ ಕಿವಿಯ ನರ ಕೆಟ್ಟಿದೆ ಅಂತ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾಮಕರಣಕ್ಕೆ ಹೋದರೆ ನನ್ನ ಕೈಗೆ ಮಗು ಕೊಡುತ್ತಿರಲಿಲ್ಲ. ಮಂಜುಗೆ ಹೆಣ್ಣು ನೋಡುವಾಗಲೂ ಇದೇ ಮಾತು ಬಂತು, ಅದೂ ನಮ್ಮ ಮನೆಯವರ ಬಾಯಿಂದಲೇ. ಕೋಣೆಗೆ ಕಂಬಳಿ ಕಟ್ಟಿದವರನ್ನು ಯಾರೂ ಏನೂ ಅನ್ನಲಿಲ್ಲ. ಹೆತ್ತವಳ ತಲೆಗೆ ಕಟ್ಟಿದರು. ಲತಾಳ ಬಾಣಂತನದಲ್ಲೂ ನಾನು ಕಿಟಕಿ ತೆಗೀರಿ, ಅವಳಿಗೆ ಹೊಟ್ಟೆ ತುಂಬ ನೀರು ಕೊಡಿ ಅಂತ ಹೇಳಿದೆ. "ಅವರಿಗೆ ಯಾವಾಗಲೂ ಭಯ" ಅಂದರು. ನನ್ನ ಭಯಕ್ಕೆ ಮೂವತ್ತೆಂಟು ವರ್ಷದ ಕಾರಣ ಇದೆ, ಅಲ್ವಾ?

ಅಯ್ಯೋ, ಹೇಳಬೇಕಾದ್ದನ್ನೇ ಬಿಟ್ಟು ಎಲ್ಲೋ ಹೋದೆ. ರಶ್ಮಿ, ಈಗಲೇ ಆಸ್ಪತ್ರೆಗೆ ಹೊರಡು. ಬಹಳ ಮಕ್ಕಳಿಗೆ ಎರಡು ಮೂರನೇ ದಿನ ಹಳದಿ ಬರುತ್ತೆ, ಒಂದೆರಡು ವಾರದಲ್ಲಿ ತಾನೇ ಹೋಗುತ್ತೆ, ನಿಜ. ಆದರೆ ಹಾಲಿಗೆ ಏಳದ ಹಳದಿ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಅಂಗಾಲು ಹಳದಿ ಆಗಿದೆಯಾ ಅಂತ ನೋಡುತ್ತಾ ಕೂರಬೇಡ. ಏಳನೇ ದಿನ ಆಶಾ ಕಾರ್ಯಕರ್ತೆ ಬರುತ್ತಾಳೆ ಅಂತಲೂ ಕಾಯಬೇಡ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿಸು. ಜಿಲ್ಲಾಸ್ಪತ್ರೆಯ ಹಸುಗೂಸುಗಳ ವಾರ್ಡಿಗೆ ಹೋಗು. ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷದೊಳಗಿನ ಮಗುವಿಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ತಾಯಿ ಕಾರ್ಡ್ ಇಟ್ಟುಕೋ, ಅದರಲ್ಲಿ ನಿನ್ನ ರಕ್ತದ ಗುಂಪು ಇರುತ್ತೆ. ಹೋದ ತಕ್ಷಣ ಅದನ್ನು ತೋರಿಸು. ನಿನ್ನೆಯಿಂದ ಪಾಪು ಎಷ್ಟು ಸಲ ಉಚ್ಚೆ ಮಾಡಿದೆ, ಬಣ್ಣ ಹೇಗಿತ್ತು ಅಂತಲೂ ಕೇಳುತ್ತಾರೆ, ನೆನಪಿಟ್ಟುಕೋ.

ರಕ್ತ ಪರೀಕ್ಷೆ ಮಾಡಿ ಬೇಕಿದ್ದರೆ ನೀಲಿ ಲೈಟಿನ ಕೆಳಗೆ ಮಲಗಿಸುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ನೋಡಿ ಅಳಬೇಡ. ಹಳದಿಯನ್ನು ಆ ಬೆಳಕು ಕರಗಿಸುತ್ತೆ, ಆಮೇಲೆ ಅದು ಉಚ್ಚೆಯಲ್ಲಿ, ಕಕ್ಕದಲ್ಲಿ ಹೊರಗೆ ಹೋಗುತ್ತೆ. ಎಳೆಬಿಸಿಲಿನಲ್ಲಿ ಆ ಕೆಲಸ ಆಗಲ್ಲ ಸರೋಜಾ, ಬಟ್ಟೆ ಬಿಚ್ಚಿದ ಕೂಸು ತಣ್ಣಗಾಗುತ್ತೆ ಅಷ್ಟೇ. ಬರೆ ಹಾಕಿಸಿ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸು. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೇ ಬಟ್ಟೆಯನ್ನು ಮಗುವಿಗೆ ಹೊದಿಸಬೇಡ, ಅದರ ವಾಸನೆಯಿಂದಲೂ ಕೆಲವು ಮಕ್ಕಳಿಗೆ ಕಾಮಾಲೆ ಏರುತ್ತೆ.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗು ಸುಮ್ನಿದೆ ಅಂತ ನೀವು ಸುಮ್ನಿರಬೇಡಿ.

ದಾರಿಯಲ್ಲಿ ಪಾಪುವನ್ನು ನಿನ್ನ ಎದೆಗೆ ಒತ್ತಿಕೊಂಡು ಮೇಲೆ ಸೆರಗು ಹೊದಿಸು. ಅಂಗಾಲು ತಟ್ಟಿ ಎಬ್ಬಿಸಿ ಹಾಲು ಕೊಡುತ್ತಾ ಇರು. ಮಂಜು ಬೈಕ್ ತೆಗೆದು ಆಗಲೇ ಹೊರಟ, ಆಸ್ಪತ್ರೆ ಗೇಟಿನ ಹತ್ತಿರ ನಿಂತಿರುತ್ತಾನೆ. ಅವನಿಗೆ ಫೋನ್ ಮಾಡಬೇಡ, ಮೆಸೇಜ್ ಹಾಕು.